ಸಮತಟ್ಟು ಛಾವಣಿಯ ಮೆಂಬ್ರೇನ್: ಸಾಮಗ್ರಿಗಳ ಇತಿಹಾಸ

ಗೋದಾಮು, ಕಾರ್ಖಾನೆ, ಮಾಲ್, ಕಚೇರಿ ಮುಂತಾದ ವಾಣಿಜ್ಯ ಕಟ್ಟಡಗಳ ಸಮತಟ್ಟು ಛಾವಣಿಯಿಂದ ನೀರು ಒಳಗಿಳಿಯದಂತೆ ಹಾಸುವ ಅಖಂಡ ಹೊದಿಕೆಯೇ ಮೆಂಬ್ರೇನ್. ಹೆಂಚಿನ ಮಾಡಿನ ಮೇಲೆ ಬಿದ್ದ ಮಳೆ ಇಳಿಜಾರಿನಲ್ಲಿ ಹರಿದುಹೋಗುತ್ತದೆ. ಸಮತಟ್ಟು ಛಾವಣಿಯಲ್ಲಿ ನಿಂತ ನೀರು ಸಣ್ಣ ಬಿರುಕನ್ನೂ ಬಿಡದೆ ಹುಡುಕುತ್ತದೆ. ಆದ್ದರಿಂದ ಇಲ್ಲಿ ಸಾಮಗ್ರಿಯ ಆಯ್ಕೆಯ ಜೊತೆಗೆ ಕೀಲುಗಳ ಬೆಸುಗೆಯೂ ಮುಖ್ಯ.

ಮೊದಲಿಗರು ಯಾರೆಂಬ ಬಗ್ಗೆ ಮೂಲಗಳು ಒಂದಾಗುವುದಿಲ್ಲ. ಜರ್ಮನ್ ಬರಹಗಳು ಸೈಲೀಸಿಯದ ಹಿರ್ಷ್‌ಬರ್ಗ್ ಊರಿನ ಸ್ಯಾಮ್ಯುಯೆಲ್ ಹಾಯ್ಸ್ಲರ್ 1839ರಲ್ಲಿ ರೂಪಿಸಿದ ಛಾವಣಿಯಿಂದ ಕಥೆ ಆರಂಭಿಸುತ್ತವೆ. ಅದರಲ್ಲಿ ಕಾಗದದ ಪದರಗಳ ನಡುವೆ ಟಾರು, ಗಂಧಕಗಳ ಲೇಪ ಬಳಿದು, ಮೇಲೆ ಮರಳು ಮತ್ತು ಜಲ್ಲಿ ಹರಡುತ್ತಿದ್ದರು. ಅಮೆರಿಕದ ಕೈಪಿಡಿಗಳು 1840ರ ದಶಕದ ಸಿನ್ಸಿನಾಟಿಯ ವಾರನ್ ಸಹೋದರರನ್ನು ಮುಂದಿಡುತ್ತವೆ. ಎರಡನ್ನೂ ಒಂದೇ ಆವಿಷ್ಕಾರವೆಂದು ಕೆಲವರು ಬೆರೆಸಿಬಿಟ್ಟಿದ್ದಾರೆ. ಆದರೆ ವಾಣಿಜ್ಯವಾಗಿ ಹರಡಿದ್ದು ವಾರನ್ನರ ದಾರಿ. ಅನಿಲ ಕಾರ್ಖಾನೆಗಳಲ್ಲಿ ಕಲ್ಲಿದ್ದಲಿನಿಂದ ದೀಪದ ಅನಿಲ ತೆಗೆದಾಗ ಉಳಿಯುತ್ತಿದ್ದ ಟಾರು ಅಗ್ಗವಾಗಿ ಸಿಗುತ್ತಿದ್ದದ್ದು ಅದಕ್ಕೆ ಕಾರಣ. ಫೆಲ್ಟ್ ಮತ್ತು ಬಿಸಿ ಟಾರನ್ನು ಪದರ ಪದರವಾಗಿ ಹಾಸುವ ಈ ಪದ್ಧತಿ, ಮುಂದೆ ಟಾರಿನ ಜಾಗಕ್ಕೆ ಬಿಟುಮೆನ್ ಬಂದರೂ, ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು.

1960ರ ದಶಕದಲ್ಲಿ ಹೊಸ ಸಾಮಗ್ರಿಗಳು ಒಟ್ಟೊಟ್ಟಿಗೆ ಬಂದವು. ಪಾಲಿಪ್ರೊಪಿಲೀನ್ ತಯಾರಿಕೆಯಲ್ಲಿ ಬೇಡವಾಗಿ ಉಳಿಯುತ್ತಿದ್ದ ಮೆತ್ತನೆಯ ಅಂಶವನ್ನು ಇಟಲಿಯವರು ಬಿಟುಮೆನ್‌ಗೆ ಬೆರೆಸಿದ್ದರಿಂದ ಎಪಿಪಿ ಹಾಳೆ ಹುಟ್ಟಿತು. ಇಲ್ಲೂ ಉಳಿಕೆಯೇ ಸಾಮಗ್ರಿಯಾಯಿತು. ಕೃತಕ ರಬ್ಬರು ಬೆರೆತ ಎಸ್‌ಬಿಎಸ್ ಹಾಳೆ ಫ್ರಾನ್ಸ್, ಜರ್ಮನಿಗಳಲ್ಲಿ ಹರಡಿತು. ಅಮೆರಿಕದಲ್ಲಿ ಇಪಿಡಿಎಂ ಎಂಬ ಕಪ್ಪು ರಬ್ಬರ್ ಹಾಳೆಗೆ 1973ರ ತೈಲ ಬಿಕ್ಕಟ್ಟಿನ ನಂತರ ಬೇಡಿಕೆ ಏರಿತು. ಹಾಳೆ ಬಿಸಿಲಿಗೆ ಬಾಳುತ್ತಿತ್ತು, ಕೀಲುಗಳು ಸೋಲುತ್ತಿದ್ದವು. ನಿಯೊಪ್ರೀನ್ ಅಂಟಿನ ಬದಲು ಬ್ಯುಟೈಲ್ ಅಂಟು, ಆಮೇಲೆ ಟೇಪ್ ಬಂದ ಮೇಲೆ ಆ ದೂರು ತಗ್ಗಿತು.

ಅತಿ ಹೆಚ್ಚು ಗೊಂದಲವಿರುವುದು ಪಿವಿಸಿ ಬಗ್ಗೆ. ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್‌ಗಳಲ್ಲಿ ಬೆಳೆದ ಈ ಹಾಳೆಯ ಕೀಲುಗಳನ್ನು ಬಿಸಿಗಾಳಿಯಿಂದ ಬೆಸೆಯಬಹುದು. ಪಿವಿಸಿ ತಾನಾಗಿ ಗಡುಸು. ಅದನ್ನು ಬಾಗಿಸಲು ಮೃದುಕಾರಕ ಸೇರಿಸುತ್ತಾರೆ. ವರ್ಷಗಳು ಕಳೆದಂತೆ ಮೃದುಕಾರಕ ಹೊರಟುಹೋಗಿ ಹಾಳೆ ಕುಗ್ಗುತ್ತದೆ, ಪೆಡಸಾಗುತ್ತದೆ. ಬಿಟುಮೆನ್ ಅಥವಾ ಪಾಲಿಸ್ಟೈರೀನ್ ತಾಗಿದರೆ ಇನ್ನೂ ಬೇಗ. ಒಳಗೆ ನೂಲಿನ ಬಲೆಯಿಲ್ಲದೆ ಜಲ್ಲಿಯ ಭಾರದಡಿ ಸುಮ್ಮನೆ ಹಾಸಿದ್ದ ಹಳೆಯ ಹಾಳೆಗಳು ಚಳಿಯ ದಿನಗಳಲ್ಲಿ ಗಾಜಿನಂತೆ ಒಮ್ಮೆಲೇ ಸೀಳಿಹೋದವು. 1990ರಲ್ಲಿ ಅಮೆರಿಕದ ಛಾವಣಿ ಗುತ್ತಿಗೆದಾರರ ರಾಷ್ಟ್ರೀಯ ಸಂಘ ಮತ್ತು ಹಾಳೆ ತಯಾರಕರ ಸಂಘ ಒಟ್ಟಾಗಿ ಎಚ್ಚರಿಕೆ ಹೊರಡಿಸಿದವು. ಆ ಎಚ್ಚರಿಕೆ ಇದ್ದದ್ದು ಬಲೆಯಿಲ್ಲದ ಹಾಳೆಯ ಕುರಿತು ಮಾತ್ರ. ಆದರೂ 'ಪಿವಿಸಿ ಸೀಳುತ್ತದೆ' ಎಂಬ ಸಾರಾಸಗಟು ಮಾತು ಉಳಿದುಕೊಂಡಿತು. ಎಎಸ್‌ಟಿಎಂ ಸಂಸ್ಥೆಯ 1985ರ ಪಿವಿಸಿ ಮಾನದಂಡದಲ್ಲಿ ಬಲೆಯಿಲ್ಲದ ಹಾಳೆಗೂ ಒಂದು ವರ್ಗವಿತ್ತು ಎಂಬುದನ್ನು ಈ ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಆ ವರ್ಗವನ್ನು ಕೈಬಿಟ್ಟಿದ್ದು ನಂತರದಲ್ಲಿ.

ಟಿಪಿಒ ವಿಷಯದಲ್ಲಿ ಮಾನದಂಡ ಇನ್ನೂ ತಡವಾಯಿತು. ಮೃದುಕಾರಕವಿಲ್ಲದ, ಕ್ಲೋರಿನ್ ಇಲ್ಲದ, ಬಿಸಿಗಾಳಿಗೆ ಬೆಸೆದುಕೊಳ್ಳುವ ಈ ಬಿಳಿ ಹಾಳೆ ಅಮೆರಿಕದಲ್ಲಿ 1990ರ ದಶಕದ ಆರಂಭದಲ್ಲೇ ಮಾರಾಟಕ್ಕಿತ್ತು. ಎಎಸ್‌ಟಿಎಂ ಮಾನದಂಡ ಬಂದದ್ದು 2003ರಲ್ಲಿ. ನಡುವಿನ ವರ್ಷಗಳಲ್ಲಿ ತಯಾರಕರು ಮಿಶ್ರಣವನ್ನು ಮತ್ತೆ ಮತ್ತೆ ಬದಲಿಸಿದರು. ಹೀಗಾಗಿ 'ಟಿಪಿಒ' ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಸರಕುಗಳಿದ್ದವು, ಅವುಗಳ ಬಾಳಿಕೆಯ ಅಂಕಿಗಳನ್ನು ಹೋಲಿಸುವುದು ಕಷ್ಟ. ಹೆಚ್ಚು ಕಾದ ಛಾವಣಿಗಳಲ್ಲಿ ಹಾಳೆ ಬೇಗ ಹಳತಾಗುವುದು ಕಂಡುಬಂದ ಮೇಲೆ, 2011ರ ಪರಿಷ್ಕರಣೆಯಲ್ಲಿ ಶಾಖ ಪರೀಕ್ಷೆಯನ್ನು 4 ವಾರಗಳಿಂದ 32 ವಾರಗಳಿಗೆ ಏರಿಸಿದರು. ಇಂದು ಅಮೆರಿಕದ ಹೊಸ ವಾಣಿಜ್ಯ ಛಾವಣಿಗಳಲ್ಲಿ ಟಿಪಿಒ ಮುಂಚೂಣಿಯಲ್ಲಿದೆ. ಬೆಲೆಯೂ ಬಿಳಿ ಬಣ್ಣವೂ ಅದಕ್ಕೆ ನೆರವಾಗಿವೆ. ಕ್ಯಾಲಿಫೋರ್ನಿಯದ ಇಂಧನ ಸಂಹಿತೆ 2005ರಿಂದ ವಸತಿಯೇತರ ಸಮತಟ್ಟು ಛಾವಣಿಗಳಿಗೆ ಬಿಸಿಲು ಪ್ರತಿಫಲಿಸುವ ಮೇಲ್ಮೈಯನ್ನು ಮುಂದಿಟ್ಟಿತ್ತು.

ಭಾರತದ ಹಾದಿ ಬೇರೆ. ಮದ್ರಾಸ್ ತಾರಸಿಯಲ್ಲಿ ತೊಲೆಗಳ ಮೇಲೆ ಇಟ್ಟಿಗೆ ನಿಲ್ಲಿಸಿ, ಅದರ ಮೇಲೆ ಸುಣ್ಣದ ಗಾರೆ ಬಡಿಯುತ್ತಿದ್ದರು. ಕಾಂಕ್ರೀಟ್ ತಾರಸಿ ಬಂದ ಮೇಲೂ ಇಟ್ಟಿಗೆ ಚೂರಿನ ಗಾರೆ ಉಳಿಯಿತು. ಜೊತೆಗೆ ಕೆಲಸಗಾರರು ಟಾರ್ ಫೆಲ್ಟ್ ಎನ್ನುವ ಬಿಟುಮೆನ್ ಹಾಳೆ ಸೇರಿಕೊಂಡಿತು. ಇದಕ್ಕೆ ಐಎಸ್ 1322, ಹಾಸುವ ಕ್ರಮಕ್ಕೆ ಐಎಸ್ 1346 ಎಂಬ ಭಾರತೀಯ ಮಾನಕಗಳಿವೆ. ಬರ್ನರ್‌ನ ಉರಿಯಿಂದ ಅಂಟಿಸುವ ಎಪಿಪಿ ಹಾಳೆ ಆಮೇಲಿನದು. 2007ರ ಇಂಧನ ಉಳಿತಾಯ ಕಟ್ಟಡ ಸಂಹಿತೆ ತಂಪು ಛಾವಣಿಗೆ ಕನಿಷ್ಠ 0.70 ಸೌರ ಪ್ರತಿಫಲನವನ್ನು ಕೇಳಿತು. ಈ ಅಂಕಿ ಹೊಸದಾಗಿ ಹಾಸಿದ ಮೇಲ್ಮೈಯದು. ಧೂಳು ಕೂತ ಮೇಲಿನ ಪ್ರತಿಫಲನ ಅದಕ್ಕಿಂತ ಕಡಿಮೆ.