ದಬ್ಬಣದಲ್ಲಿ ಹೊಲಿದ ಫ್ಯಾಂಟಮ್

ನಮ್ಮ ಮನೆಯ ಅಟ್ಟದ ಮೇಲೆ, ಹಳೇ ಹರಿವಾಣಗಳ ಪೆಟ್ಟಿಗೆಯ ಪಕ್ಕದಲ್ಲಿ ಐದು ದಪ್ಪ ಪುಸ್ತಕಗಳಿವೆ. ಯಾವ ಪ್ರಕಾಶಕರೂ ಅಚ್ಚು ಹಾಕಿಸಿದ್ದಲ್ಲ, ಯಾವ ಅಂಗಡಿಯಲ್ಲೂ ಮಾರಿದ್ದಲ್ಲ. ‘ಸುಧಾ’ ವಾರಪತ್ರಿಕೆಯಲ್ಲಿ ಬರುತ್ತಿದ್ದ ಫ್ಯಾಂಟಮ್ ಚಿತ್ರಕಥೆಯ ಹಾಳೆಗಳನ್ನು ವಾರವಾರ ಬಿಡಿಸಿ, ಒಂದರ ಮೇಲೊಂದು ಜೋಡಿಸಿ, ಗೋಣಿ ಹೊಲಿಯುವ ದಬ್ಬಣದಲ್ಲಿ ಮೂರು ತೂತು ಹೊಡೆದು ಹುರಿಯಲ್ಲಿ ಬಿಗಿದದ್ದು. ಹೊದಿಕೆಗೆ ಹಳೇ ಕ್ಯಾಲೆಂಡರಿನ ರಟ್ಟು. ಅಂಟಿಸಲು ಮೈದಾ ಗಂಜಿ, ಅದು ಕುದಿಯುವಾಗ ಒಂದು ಚಿಟಿಕೆ ಮೈಲುತುತ್ತ. ಅಡಿಕೆ ತೋಟದವರ ಮನೆಯಲ್ಲಿ ಮೈಲುತುತ್ತಕ್ಕೆ ಬರವಿಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮದ್ದಿಗೆಂದು ತಂದದ್ದರಲ್ಲಿ ಅಪ್ಪಯ್ಯ ನಮಗಿಷ್ಟು ಕೊಡುತ್ತಿದ್ದರು. ತುತ್ತ ಬಿದ್ದ ಅಂಟಿಗೆ ಹುಳ ಬರುವುದಿಲ್ಲ. ನಲವತ್ತೈದು ವರ್ಷವಾಯಿತು, ಆ ಪುಸ್ತಕಗಳ ಬೆನ್ನಿಗೆ ಇನ್ನೂ ತೆಳುನೀಲಿ ಛಾಯೆ ಇದೆ.

ನಮ್ಮೂರು ಬಿಳಗಿ, ಸಿದ್ದಾಪುರ ತಾಲ್ಲೂಕಿನದು. ಬಾಗಲಕೋಟೆ ಕಡೆಯ ಬೀಳಗಿ ಬೇರೆ. ಇದು ಶ್ವೇತಪುರ ಎಂದು ಕರೆಸಿಕೊಂಡ, ಅರಸರು ಆಳಿದ ಊರು. ರತ್ನತ್ರಯ ಬಸದಿಯನ್ನು ನೋಡಲು ಈಗಲೂ ದೂರದಿಂದ ಜನ ಬರುತ್ತಾರೆ. ನಾನು ಹುಟ್ಟಿದ್ದು 1966ರಲ್ಲಿ. ‘ಸುಧಾ’ ನನಗಿಂತ ಒಂದೇ ವರ್ಷ ದೊಡ್ಡದು, ಶುರುವಾದದ್ದು 1965ರ ಜನವರಿಯಲ್ಲಿ. ಅದು ಬಸ್ಸಿನಲ್ಲಿ ಪೇಪರ್ ಕಟ್ಟಿನ ಜೊತೆ ಬರುತ್ತಿತ್ತು. ಒಂದು ಪ್ರತಿ, ನಾಲ್ಕು ಮನೆ. ಕೊನೆಯ ಮನೆ ನಮ್ಮದು. ಹಾಗಾಗಿ ಎಲ್ಲರೂ ಓದಿದ ಮೇಲೆ ಹಾಳೆ ಬಿಡಿಸುವ ಹಕ್ಕೂ ನಮ್ಮದೇ. ಮಳೆಗಾಲದಲ್ಲಿ ಹಳ್ಳ ಬಂದು ಬಸ್ಸು ನಿಂತರೆ ಎರಡು ವಾರದ್ದು ಒಟ್ಟಿಗೆ ಬಂದೀತು, ಇಲ್ಲವೇ ಒಂದು ವಾರದ್ದು ಬಾರದೆಯೇ ಹೋದೀತು. ಫ್ಯಾಂಟಮ್ ಬಂಡೆಯ ಅಂಚಿನಲ್ಲಿ ಕೈ ಜಾರಿ ನೇತಾಡುತ್ತಿದ್ದಾನೆ, ಕೆಳಗೆ ‘ಮುಂದುವರಿಯುವುದು’ ಎಂದಿದೆ, ಹೊರಗೆ ಆಷಾಢದ ಮಳೆ. ಅವನನ್ನು ಹಾಗೇ ನೇತಾಡಲು ಬಿಟ್ಟು ನಾವು ಹದಿನೈದು ದಿನ ಶಾಲೆಗೆ ಹೋಗಿ ಬಂದದ್ದುಂಟು. ಥ್ರಿಲ್ಲರ್ ಎಂಬ ಮಾತು ನನಗೆ ಗೊತ್ತಾದದ್ದು ಬಹಳ ತಡವಾಗಿ, ಆದರೆ ಅದು ಕೊಡುವ ಸಂಕಟ ಆಗಲೇ ಗೊತ್ತಿತ್ತು. ನಮ್ಮ ಕಡೆ ಅದರ ಹೆಸರು ಕಾಯುವುದು.

ಫ್ಯಾಂಟಮ್‌ನನ್ನು ಕಟ್ಟಿದವನು ಅಮೆರಿಕದ ಲೀ ಫಾಕ್. 1934ರಲ್ಲಿ ಮ್ಯಾಂಡ್ರೇಕ್, 1936ರ ಫೆಬ್ರವರಿ 17ರಂದು ಫ್ಯಾಂಟಮ್. ಭಾರತದಲ್ಲಿ ಇವನಿಗೆ ದೊಡ್ಡ ಮನೆ ಸಿಕ್ಕಿದ್ದು 1964ರ ಮಾರ್ಚಿನಲ್ಲಿ, ಟೈಮ್ಸ್ ಆಫ್ ಇಂಡಿಯಾದವರು ಇಂದ್ರಜಾಲ ಕಾಮಿಕ್ಸ್ ಶುರು ಮಾಡಿದಾಗ. ಮುಂದೆ ಅದು ಕನ್ನಡದಲ್ಲೂ ಬಂತು. ಮೊದಮೊದಲ ಸಂಚಿಕೆಗಳಿಗೆ ಬಿ. ಗೋವಿಂದ್ ಬರೆದ ಬಣ್ಣದ ಮುಖಪುಟಗಳನ್ನು ಹುಬ್ಬಳ್ಳಿ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಹಗ್ಗಕ್ಕೆ ನೇತುಹಾಕಿದ್ದನ್ನು ನೋಡುತ್ತ ನಾನು ಬಸ್ಸು ತಪ್ಪಿಸಿಕೊಂಡಿದ್ದೇನೆ. ಮೂಲದಲ್ಲಿ ಫ್ಯಾಂಟಮ್‌ನ ಕಾಡಿಗೆ ಬಂಗಾಳದ ಹೆಸರಿನ ನೆರಳಿತ್ತು, ಅವನ ವೈರಿ ಕಡಲ್ಗಳ್ಳರಿಗೆ ಸಿಂಗ್ ಎಂಬ ಹೆಸರಿತ್ತು. ನಮ್ಮ ದೇಶದ ಓದುಗರಿಗೆ ಅದು ಹೊಂದದೆಂದು ಇಂದ್ರಜಾಲದವರು ಕಾಡನ್ನು ಡೆಂಕಾಲಿ ಮಾಡಿದರು, ಕಳ್ಳರನ್ನು ಸಿಂಗಾ ಮಾಡಿದರು. ಇದರಿಂದ ನಮಗೆ ದೊಡ್ಡ ಉಪಕಾರವಾಯಿತು. ಡೆಂಕಾಲಿ ಎಲ್ಲಿದೆ ಎಂದು ಭೂಪಟದಲ್ಲಿ ಹುಡುಕಿದರೆ ಸಿಗದು. ಸಿಗದಿದ್ದ ಮೇಲೆ ಅದು ನಮ್ಮದೇ ಕಾನು ಯಾಕಾಗಬಾರದು?

ಕಥೆಯ ಪ್ರಕಾರ ಫ್ಯಾಂಟಮ್‌ನ ಮೂಲಪುರುಷ ಕಡಲ್ಗಳ್ಳರಿಂದ ಪಾರಾಗಿ ದಡ ಸೇರಿದ್ದು 1536ರಲ್ಲಿ. ಆ ಇಸವಿ ನನಗೆ ಬಹಳ ಇಷ್ಟ. ಅದೇ ಶತಮಾನದಲ್ಲಿ ನಮ್ಮ ಘಟ್ಟದ ಕೆಳಗೆ ಪೋರ್ಚುಗೀಸರ ಹಡಗುಗಳು ಓಡಾಡುತ್ತಿದ್ದವು, ಗೇರುಸೊಪ್ಪೆಯಲ್ಲಿ ಚೆನ್ನಭೈರಾದೇವಿ ಕಾಳುಮೆಣಸಿನ ರಾಣಿಯೆಂದು ಹೆಸರು ಮಾಡಿದ್ದಳು. ಹೊನ್ನಾವರದ ದಂಡೆಗೆ ಒಬ್ಬ ಪರದೇಶಿ ತೇಲಿ ಬಂದು ಶರಾವತಿ ಹಿಡಿದು ಘಟ್ಟ ಹತ್ತಿದ್ದರೆ ಎಲ್ಲಿಗೆ ಹೋಗುತ್ತಿದ್ದ? ಫ್ಯಾಂಟಮ್ ವಾಸಿಸುವ ತಲೆಬುರುಡೆಯ ಗವಿ ಯಾಣದಲ್ಲೇ ಇರಬೇಕು ಎಂದು ನಾವು ತೀರ್ಮಾನಿಸಿದ್ದೆವು. ಯಾಣ ನೋಡಿದವರಿಗೆ ಇದು ಹುಡುಗಾಟ ಅನ್ನಿಸಲಾರದು. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, ಪಕ್ಕದಲ್ಲಿ 90 ಮೀಟರಿನ ಮೋಹಿನಿ ಶಿಖರ. ಸುಟ್ಟ ಕರ್ರಗಿನ ಸುಣ್ಣಕಲ್ಲು, ನಡುವೆ ಸೀಳು, ಸೀಳಿನೊಳಗೆ ಬಾವಲಿ. ಅಲ್ಲಿ ನಿಂತರೆ ಯಾರೋ ನಮ್ಮನ್ನು ನೋಡುತ್ತಿದ್ದಾರೆ ಅನ್ನಿಸುವುದು ಇವತ್ತಿಗೂ ಸುಳ್ಳಲ್ಲ.

ಈ ಚಿತ್ರಗಳ ಬಗ್ಗೆ ಹೇಳದಿದ್ದರೆ ನಾನು ಏನನ್ನೂ ಹೇಳಿದ ಹಾಗಲ್ಲ. ಫ್ಯಾಂಟಮ್‌ನನ್ನು ಮೊದಲು ಬರೆದವನು ರೇ ಮೂರ್, ಆಮೇಲೆ ವಿಲ್ಸನ್ ಮೆಕಾಯ್, 1961ರಿಂದ ಸೈ ಬ್ಯಾರಿ. ನನ್ನ ಪಾಲಿನ ಫ್ಯಾಂಟಮ್ ಬ್ಯಾರಿಯದು. ನನ್ನ ಎರಡನೇ ಪುಸ್ತಕದಲ್ಲಿ ಒಂದು ಚೌಕವಿದೆ. ಮೂರನೆಯ ಎರಡು ಭಾಗ ಬರೀ ಕಪ್ಪು. ಆ ಕಪ್ಪಿನೊಳಗೆ ಮರ ಬರೆದಿಲ್ಲ, ಎಲೆ ಬರೆದಿಲ್ಲ. ಎಡಗಡೆ ಒಬ್ಬ ಕಳ್ಳ ಬೆಂಕಿಪೆಟ್ಟಿಗೆ ಗೀರುತ್ತಿದ್ದಾನೆ, ಅವನ ಗಲ್ಲದ ಮೇಲಷ್ಟೇ ಬೆಳಕು. ಬಲಗಡೆ, ಕಪ್ಪಿನ ನಡುವೆ, ಎರಡು ಬಿಳಿ ಚುಕ್ಕಿ. ಅದು ಫ್ಯಾಂಟಮ್‌ನ ಕಣ್ಣು. ಅವನ ಮುಖವಾಡದೊಳಗೆ ಪಾಪೆ ಬರೆಯುವ ಪದ್ಧತಿಯೇ ಇಲ್ಲ. ಗ್ರೀಕ್ ಶಿಲ್ಪಗಳ ಕುರುಡುಗಣ್ಣಿನಿಂದ ಆ ಯೋಚನೆ ಬಂತೆಂದು ಫಾಕ್ ಹೇಳಿಕೊಂಡಿದ್ದ. ಪಾಪೆ ಇಲ್ಲದ ಕಣ್ಣು ಎತ್ತ ನೋಡುತ್ತಿದೆ ಎಂದು ತಿಳಿಯುವುದಿಲ್ಲ, ತಿಳಿಯದ್ದರಿಂದಲೇ ಹೆದರಿಕೆ. ಎರಡು ಚುಕ್ಕಿ ಬಿಟ್ಟು ಉಳಿದದ್ದನ್ನೆಲ್ಲ ಮಸಿಗೆ ಒಪ್ಪಿಸಿದವನ ಧೈರ್ಯಕ್ಕೆ ನಾನು ಇವತ್ತೂ ಕೈಮುಗಿಯುತ್ತೇನೆ.

ಆ ಚೌಕ ನನಗೆ ಅಷ್ಟು ಬೇಗ ಅರ್ಥವಾದದ್ದಕ್ಕೆ ನಮ್ಮೂರ ಗೋಡೆಗಳು ಕಾರಣ ಎಂದು ನಾನು ನಂಬಿದ್ದೇನೆ. ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲಿ ಕಾವಿ ಚಿತ್ರಗಳಿವೆ. ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿ ಬಳಿದು, ಹಸಿ ಆರುವ ಮೊದಲೇ ಕಬ್ಬಿಣದ ಮೊನೆಯಲ್ಲಿ ಕೆರೆದು ತೆಗೆದರೆ ಒಳಗಿನ ಬಿಳಿ ಗೆರೆಯಾಗಿ ಎದ್ದು ಬರುತ್ತದೆ. ಎರಡೇ ಬಣ್ಣ, ತಿದ್ದಲು ಅವಕಾಶವಿಲ್ಲ. ನಮ್ಮ ಸಿದ್ದಾಪುರ, ಸಾಗರದ ದೀವರ ಮನೆಗಳ ಹಸೆ ಚಿತ್ತಾರವೂ ಅಂಥದ್ದೇ. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿ ಅರೆದ ಬಿಳಿ, ಪುಂಡಿ ನಾರಿನ ಕುಂಚ. ಹೆಂಗಸರು ಉಸಿರು ಬಿಗಿಹಿಡಿದು ಎಳೆಯುವ ಆ ನೇರ ಗೆರೆಗಳನ್ನು ಮದುವೆ ಮನೆಯಲ್ಲಿ ಗಂಟೆಗಟ್ಟಲೆ ನಿಂತು ನೋಡಿದವನಿಗೆ ಚೌಕ ಅಂದರೇನು, ಚೌಕದೊಳಗೆ ಏನನ್ನು ಬಿಡಬೇಕು ಎಂದು ಯಾರೂ ಹೇಳಿಕೊಡಬೇಕಿಲ್ಲ. ಈ ಹೆಂಗಸರನ್ನು ಬ್ಯಾರಿಯ ಪಕ್ಕದಲ್ಲಿ ಕೂರಿಸಲು ನನಗೆ ಯಾವ ಸಂಕೋಚವೂ ಇಲ್ಲ.

ಇನ್ನು ‘ಚಂದಮಾಮ’. 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ 1949ರಲ್ಲಿ ಕನ್ನಡಕ್ಕೆ ಬಂತು. ಕತ್ತಿ ಹಿಡಿದ ವಿಕ್ರಮ, ಹೆಗಲ ಮೇಲೆ ಹೆಣ, ಹೆಣದೊಳಗೆ ಬೇತಾಳ. ಶಂಕರ್ ಬರೆದ ಆ ಚಿತ್ರ ತಿಂಗಳು ತಿಂಗಳು ಬರುತ್ತಿತ್ತು, ತಿಂಗಳು ತಿಂಗಳೂ ಬೇತಾಳ ಮರಕ್ಕೆ ಹಾರಿಹೋಗುತ್ತಿತ್ತು. ಕಥೆ ಎಲ್ಲಿ ನಿಲ್ಲಬೇಕೆಂದು ಬೇತಾಳನಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಅಮರ ಚಿತ್ರ ಕಥೆಯ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು ಎಂಬುದು ಹಲವರಿಗೆ ಗೊತ್ತು. ಆದರೆ ಆ ಮಾಲೆಯ ಮೊದಲ ಹತ್ತು ಪುಸ್ತಕಗಳು ಬಂದದ್ದು ಕನ್ನಡದಲ್ಲಿ, ಬೆಂಗಳೂರಿನಲ್ಲಿ, ಇಂಡಿಯಾ ಬುಕ್ ಹೌಸಿನ ಜಿ. ಕೆ. ಅನಂತರಾಮ್ ಅವರ ಉತ್ಸಾಹದಿಂದ ಎಂಬುದನ್ನು ಕನ್ನಡದವರೇ ಮರೆತಿದ್ದಾರೆ. ನನಗದು ನೋವಿನ ಸಂಗತಿ.

ಚಿತ್ರವಿಲ್ಲದ ಥ್ರಿಲ್ಲರೂ ಮನೆಯಲ್ಲಿತ್ತು. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಮುಯ್ಯಾಳಿಗೆ ಅಕ್ಕಪಕ್ಕದವರು ಬರುತ್ತಿದ್ದರು. ಹತ್ತು ಹನ್ನೆರಡು ಮೆಟ್ಟುಗತ್ತಿ ಸಾಲಾಗಿ, ನಡುವೆ ಗ್ಯಾಸ್‌ಲೈಟು. ನಿದ್ದೆ ಬಾರದಿರಲೆಂದು ಯಾರಾದರೊಬ್ಬರು ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಯನ್ನು ಗಟ್ಟಿಯಾಗಿ ಓದಬೇಕು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ಆ ಮನುಷ್ಯ ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯ ನಮ್ಮ ಚಾಪೆಯ ಮೇಲೆ ಕೂತು ಹೋದವರ ಹಾಗೇ. ದೊಡ್ಡಪ್ಪ ಓದುವಾಗ ಕೊಲೆಗಾರನ ಹೆಸರು ಬರುವ ಪುಟಕ್ಕೆ ಸರಿಯಾಗಿ ಪುಸ್ತಕ ಮುಚ್ಚಿ, ‘ಉಳಿದಿದ್ದು ನಾಳಿಗೆ. ಎಲ್ಲರೂ ಬನ್ನಿ’ ಎನ್ನುತ್ತಿದ್ದ. ಮರುದಿನ ಸುಲಿಯಲು ಒಬ್ಬರೂ ತಪ್ಪುತ್ತಿರಲಿಲ್ಲ.

ಸಿನೆಮಾ ಬರುತ್ತಿದ್ದದ್ದು ಬೇಸಿಗೆಯಲ್ಲಿ, ಟೂರಿಂಗ್ ಟಾಕೀಸಿನಲ್ಲಿ. ‘ಜೇಡರ ಬಲೆ’ ತೆರೆಕಂಡದ್ದು 1968ರಲ್ಲಿ, ನಾನು ಅದನ್ನು ನೋಡಿದ್ದು ಏಳೆಂಟು ವರ್ಷ ಕಳೆದ ಮೇಲೆ, ನೆಲದ ಟಿಕೆಟ್ಟಿನಲ್ಲಿ. ಅಲ್ಲಿಯವರೆಗೆ ನಮಗೆ ರಾಜಕುಮಾರ್ ಎಂದರೆ ಕಣ್ಣಪ್ಪ, ಕನಕದಾಸ, ರಣಧೀರ ಕಂಠೀರವ. ಅವರೇ ಕೋಟು ತೊಟ್ಟು, ಪಿಸ್ತೂಲು ಹಿಡಿದು, ಸಿಐಡಿ 999 ಆಗಿ ನಿಂತಾಗ ಟೆಂಟಿನಲ್ಲಿ ಒಂದು ಕ್ಷಣ ಸದ್ದಿಲ್ಲ, ಆಮೇಲೆ ಶಿಳ್ಳೆ. ದೊರೈ-ಭಗವಾನ್ ಜೋಡಿ ಬಾಂಡ್ ಮಾದರಿಯನ್ನು ಕನ್ನಡಕ್ಕೆ ತಂದದ್ದು ಹೀಗೆ. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಟೆಂಟಿನಲ್ಲಿ ಒಂದೇ ಪ್ರೊಜೆಕ್ಟರು. ರೀಲು ಮುಗಿದಾಗಲೆಲ್ಲ ದೀಪ ಹಾಕಿ ಬದಲಿಸಬೇಕು. 999 ಬಾಗಿಲು ದೂಡಿದ, ದೀಪ ಹತ್ತಿತು, ಶೇಂಗಾ ಮಾರುವವನು ಬಂದ. ಬಾಗಿಲ ಆಚೆ ಏನಿದೆ ಎಂದು ಐದು ನಿಮಿಷ ಇಡೀ ಟೆಂಟು ವಾದ ಮಾಡಿತು. ಈಗ ದೊಡ್ಡ ಪರದೆಯಲ್ಲಿ ತಡೆಯಿಲ್ಲದೆ ನೋಡುವಾಗ ನನಗೆ ಆ ಐದು ನಿಮಿಷ ಕಡಿಮೆಯಾದ ಹಾಗನ್ನಿಸುತ್ತದೆ.

ನನ್ನ ಮಟ್ಟಿಗೆ ಕನ್ನಡ ಥ್ರಿಲ್ಲರಿನ ದೊಡ್ಡ ಹೆಸರು ಶಂಕರ್‌ನಾಗ್. ನಮ್ಮ ಜಿಲ್ಲೆಯ ಹೊನ್ನಾವರದವರು ಎಂಬ ಅಭಿಮಾನ ಇದ್ದದ್ದೇ, ಆದರೆ ಕಾರಣ ಅದಲ್ಲ. 1980ರ ‘ಮಿಂಚಿನ ಓಟ’ದಲ್ಲಿ ಕಾರು ಕದಿಯುವವರು, ಜೈಲು, ಅಲ್ಲಿಂದ ಓಟ. ಕಥೆ ಅಷ್ಟೇ. ಶಿರಸಿಯಲ್ಲಿ ಅದನ್ನು ನೋಡಿ ಹೊರಬಂದವನಿಗೆ ತಟ್ಟನೆ ಹೊಳೆದದ್ದು, ಈ ಮನುಷ್ಯ ಚೌಕಗಳಲ್ಲಿ ಯೋಚಿಸುತ್ತಾನೆ ಎಂದು. ಮಾತಿನಲ್ಲಿ ಹೇಳಬಹುದಾದ್ದನ್ನು ಒಂದು ನೋಟದಲ್ಲಿ ಮುಗಿಸುತ್ತಾರೆ, ಮುಂದಿನ ನೋಟಕ್ಕೆ ಜಿಗಿಯುವಾಗ ನಡುವಿನದನ್ನು ನಮಗೇ ಬಿಡುತ್ತಾರೆ. ಕಾಮಿಕ್ಸಿನ ಎರಡು ಚೌಕಗಳ ನಡುವಿನ ಬಿಳಿ ಜಾಗದಲ್ಲಿ ನಡೆಯುವುದೂ ಅದೇ. 1985ರಲ್ಲಿ ‘ಆಕ್ಸಿಡೆಂಟ್’ ಬಂತು. 1989ರಲ್ಲಿ ಅವರು ಸುನೀಲ್ ಕುಮಾರ್ ದೇಸಾಯಿಯವರ ಮೊದಲ ಚಿತ್ರ ‘ತರ್ಕ’ದಲ್ಲಿ ನಟಿಸಿದರು. ಒಂದು ಮನೆ, ಒಂದು ಹೆಣ, ಹೊರಗಿನಿಂದ ಬಂದ ಒಬ್ಬ. ಹಾಡೇ ಇಲ್ಲ. ಹಾಡು ಬಂದಾಗ ಬೀಡಿ ಸೇದಲು ಏಳುತ್ತಿದ್ದವರು ಅವತ್ತು ಏಳಲಿಲ್ಲ.

1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಆದ ಅಪಘಾತದಲ್ಲಿ ಶಂಕರ್‌ನಾಗ್ ಹೋದರು, 35 ವರ್ಷಕ್ಕೆ. ಅದೇ ವರ್ಷ ಇಂದ್ರಜಾಲ ಕಾಮಿಕ್ಸೂ ನಿಂತಿತ್ತು. ನಾನು ಆ ವರ್ಷದ ನಂತರ ಪುಸ್ತಕ ಹೊಲಿಯಲಿಲ್ಲ.

ದೇಸಾಯಿಯವರು ಆಮೇಲೆ ಮಣಿಪಾಲದ ಎತ್ತರದ ಕಟ್ಟಡವೊಂದರೊಳಗೆ ‘ನಿಷ್ಕರ್ಷ’ ಕಟ್ಟಿದರು. 1996ರಲ್ಲಿ ‘ನಮ್ಮೂರ ಮಂದಾರ ಹೂವೇ’ ಮಾಡಲು ನಮ್ಮ ಯಾಣಕ್ಕೇ ಬಂದರು. ಥ್ರಿಲ್ಲರಿನ ನಿರ್ದೇಶಕ ತಲೆಬುರುಡೆಯ ಗವಿಗೆ ಬಂದು ಪ್ರೇಮಕಥೆ ತೆಗೆದುಕೊಂಡು ಹೋದರು. ಸಿನೆಮಾ ಚೆನ್ನಾಗಿತ್ತು, ಯಾಣಕ್ಕೆ ಜನವೂ ಹರಿದು ಬಂತು. ಆದರೂ ಆ ಬಂಡೆಗಳ ಕತ್ತಲನ್ನು ಕಥೆಯಾಗಿಸುವವರು ಇನ್ನೂ ಬರಬೇಕು ಎಂಬ ಆಸೆ ನನ್ನಲ್ಲಿ ಹಾಗೇ ಇದೆ.

ಪುಸ್ತಕಗಳು ಮೊದಲು ಒಂಬತ್ತಿದ್ದವು. ಒಂದು ಮಳೆಗಾಲ ಹೆಂಚು ಸರಿದು ನಾಲ್ಕು ನೆಂದು ಮುದ್ದೆಯಾದವು. ಉಳಿದ ಐದರಲ್ಲಿ ಮೂರನೆಯದನ್ನು ನಾನು ಹೆಚ್ಚು ತೆಗೆದು ನೋಡುತ್ತೇನೆ. 1979ರ ಮಳೆಗಾಲದಲ್ಲಿ ಒಂದು ಕಥೆಯ ಕೊನೆಯ ಕಂತು ಬಂದ ವಾರ ಬಸ್ಸು ಬರಲಿಲ್ಲ, ‘ಸುಧಾ’ ನಮ್ಮೂರಿಗೆ ಮುಟ್ಟಲೇ ಇಲ್ಲ. ನಾನು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು, ಊರಲ್ಲೆಲ್ಲ ರಂಗೋಲಿಗೆ ಹೆಸರಾದವಳು. ಡ್ರಾಯಿಂಗ್ ಹಾಳೆ ತಂದು, ಅಳತೆಪಟ್ಟಿ ಇಟ್ಟು ಆರು ಚೌಕ ಗೀಟು ಹಾಕಿ, ಮಸಿಯಲ್ಲಿ ಕೊನೆಯ ಕಂತನ್ನು ತಾನೇ ಬರೆದಳು. ಏಳು ವರ್ಷದ ಮೇಲೆ ಹುಬ್ಬಳ್ಳಿಯ ಹಳೇ ಪುಸ್ತಕದ ರಾಶಿಯಲ್ಲಿ ಅದೇ ಕಥೆಯ ಇಂಗ್ಲಿಷ್ ಇಂದ್ರಜಾಲ ಸಿಕ್ಕಿತು. ತಂದೆ, ಓದಿದೆ. ನಿಜವಾದ ಕೊನೆ ಬೇರೆ ಇತ್ತು. ಪುಸ್ತಕದಲ್ಲಿ ಅಕ್ಕನ ಹಾಳೆಯೇ ಇದೆ.

ಅವಳ ಆರನೇ ಚೌಕದಲ್ಲಿ ಫ್ಯಾಂಟಮ್ ಅಡಿಕೆ ತೋಟದ ಸಂಕ ದಾಟಿ ಹೋಗುತ್ತಿದ್ದಾನೆ, ಹಿಂದೆ ಅವನ ತೋಳ. ಹಿಂತಿರುಗಿ ನಮ್ಮ ಕಡೆ ನೋಡುತ್ತಿದ್ದಾನೆ. ಮುಖವಾಡದೊಳಗೆ ಎರಡು ಪಾಪೆ, ದುಂಡಗೆ, ಕಪ್ಪಗೆ. ಹಾಗಲ್ಲ, ಅವನಿಗೆ ಕಣ್ಣು ಬರೆಯಬಾರದು ಎಂದು ನಾನು ಜಗಳ ತೆಗೆದಿದ್ದೆ. ಅಕ್ಕ ಮಸಿಕಡ್ಡಿ ಒರೆಸುತ್ತ ಹೇಳಿದ್ದಳು:

‘ಕಣ್ಣಿಲ್ದೇ ಹೋದ್ರೆ ಅಂವಂಗೆ ದಾರಿ ಹೆಂಗೆ ಕಾಣ್ತು ಮಾಣಿ?’