ಗೂಡಿನಿಂದ ಮಗ್ಗಕ್ಕೆ: ಮೈಸೂರು ರೇಷ್ಮೆಯಲ್ಲಿ ಕೊಡುವವರು, ಕೊಳ್ಳುವವರು

ಹಳೆಯ ಮೈಸೂರು ಸೀಮೆಯ ರೇಷ್ಮೆ ಉದ್ಯಮದ ಚರಿತ್ರೆಯನ್ನು ಅರಸರ ಆಸಕ್ತಿ, ಪರದೇಶದ ತಜ್ಞರ ಆಗಮನ, ಕಾರ್ಖಾನೆಗಳ ಸ್ಥಾಪನೆ ಎಂಬ ಕ್ರಮದಲ್ಲಿ ಹೇಳುವುದು ರೂಢಿ. ಈ ಕ್ರಮ ತಪ್ಪಲ್ಲವಾದರೂ, ಒಂದು ಕಾರ್ಖಾನೆ ಏಕೆ ಏಳಿಗೆ ಹೊಂದಿತು, ಇನ್ನೊಂದು ಏಕೆ ಮುಗ್ಗರಿಸಿತು ಎಂಬುದಕ್ಕೆ ಅದರಲ್ಲಿ ಉತ್ತರ ಸಿಗುವುದು ಕಡಿಮೆ. ರೇಷ್ಮೆಯು ಒಬ್ಬನ ಕೈಯಲ್ಲಿ ಹುಟ್ಟಿ ಅವನ ಕೈಯಲ್ಲೇ ಮುಗಿಯುವ ಸರಕಲ್ಲ. ಮೊಟ್ಟೆ ತಯಾರಿಸುವವನು, ಹಿಪ್ಪುನೇರಳೆ ಬೆಳೆದು ಹುಳು ಸಾಕುವ ರೈತ, ಗೂಡಿನಿಂದ ನೂಲು ಬಿಚ್ಚುವ ರೀಲರ್, ಆ ನೂಲಿಗೆ ಹುರಿ ಹಾಕುವವನು, ನೇಕಾರ, ಸೀರೆಯ ವ್ಯಾಪಾರಿ ಹೀಗೆ ಪ್ರತಿಯೊಬ್ಬನೂ ಹಿಂದಿನವನಿಗೆ ಗಿರಾಕಿಯಾಗಿ, ಮುಂದಿನವನಿಗೆ ಪೂರೈಕೆದಾರನಾಗಿ ನಿಲ್ಲುತ್ತಾನೆ. ಇವರ ನಡುವಣ ಸಂಬಂಧ ಸಾಲದ್ದೋ ನಂಬಿಕೆಯದ್ದೋ ಹರಾಜಿನದ್ದೋ ಎಂಬುದರ ಮೇಲೆಯೇ ಮಗ್ಗದ ಮೇಲಿನ ಬಟ್ಟೆಯ ಗುಣ ನಿಂತಿತ್ತು.

1780ರ ದಶಕದಲ್ಲಿ ಟಿಪ್ಪು ಸುಲ್ತಾನ್ ಬಂಗಾಳದಿಂದ ಹುಳುವಿನ ಬಿತ್ತನೆ ತರಿಸಿ, ರಾಜ್ಯದ 21 ಕಡೆ ಸಾಕಣೆಗೆ ಏರ್ಪಾಡು ಮಾಡಿದನೆಂಬುದು ಪ್ರಸಿದ್ಧ ಸಂಗತಿ. ಬೆಂಗಳೂರಿನ ಪಟ್ಟೆಗಾರರೂ ಖತ್ರಿಗಳೂ ರೇಷ್ಮೆ ನೇಯುತ್ತಿದ್ದುದನ್ನು 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ದಾಖಲಿಸಿದ್ದಾನೆ. ಮಗ್ಗ ಊರಿನಲ್ಲಿಯೇ ಇದ್ದರೂ ಅದಕ್ಕೆ ಬೇಕಾದ ಕಚ್ಚಾ ರೇಷ್ಮೆ ಬಹುಮಟ್ಟಿಗೆ ದೂರದಿಂದ ವರ್ತಕರ ಕೈಯ ಮೂಲಕವೇ ಬರಬೇಕಾಗಿತ್ತು. ನೂಲು ಯಾರದ್ದೋ ಸೀರೆಯೂ ಅವರದ್ದೇ ಆಗುತ್ತಿತ್ತು. ನೇಕಾರನ ಪಾಲಿಗೆ ಉಳಿಯುತ್ತಿದ್ದುದು ಕೂಲಿ.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಯೂರೋಪಿನ ರೇಷ್ಮೆ ಹುಳುಗಳಿಗೆ ಪೆಬ್ರಿನ್ ಎಂಬ ರೋಗ ತಗುಲಿ ಅಲ್ಲಿನ ಸಾಕಣೆ ನೆಲಕಚ್ಚಿತು. ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುವ ಈ ರೋಗವನ್ನು ಬರಿಗಣ್ಣಿನಿಂದ ಕಂಡುಹಿಡಿಯಲಾಗದು. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಆ ಮೊಟ್ಟೆಗಳನ್ನು ನಾಶಮಾಡಬೇಕೆಂಬ ಪದ್ಧತಿಯನ್ನು ಲೂಯಿ ಪಾಶ್ಚರ್ ಬಳಕೆಗೆ ತಂದನು. ಇದೊಂದು ವೈಜ್ಞಾನಿಕ ಸಾಧನೆಯೆಂದು ಎಲ್ಲರೂ ಒಪ್ಪುತ್ತಾರೆ, ಆದರೆ ವ್ಯಾಪಾರದ ದೃಷ್ಟಿಯಿಂದ ಅದರ ಅರ್ಥ ಬೇರೆಯೇ ಆಗಿತ್ತು. ಅಲ್ಲಿಯವರೆಗೆ ತನ್ನ ಬೆಳೆಯ ಗೂಡಿನಿಂದಲೇ ಮೊಟ್ಟೆ ಇಡಿಸಿಕೊಳ್ಳಬಹುದಾಗಿದ್ದ ರೈತ, ಇನ್ನು ಮುಂದೆ ತಾನು ಪರೀಕ್ಷಿಸಲಾಗದ ಸರಕನ್ನು ಇನ್ನೊಬ್ಬನ ಮಾತಿನ ಮೇಲೆ ಕೊಳ್ಳುವ ಗಿರಾಕಿಯಾದನು.

ಆ ಮಾತಿಗೆ ಹೊಣೆ ಯಾರು ಎಂಬ ಪ್ರಶ್ನೆಗೆ ಮೈಸೂರು ಸಂಸ್ಥಾನ ಕೊಟ್ಟ ಉತ್ತರ, ಸರ್ಕಾರವೇ ಎಂಬುದು. 1896ರಲ್ಲಿ ಜೆಮ್‌ಷೆಡ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನಿ ತಜ್ಞರ ನೆರವಿನಿಂದ ತೆರೆದ ಫಾರ್ಮು ದಾರಿ ತೋರಿಸಿತ್ತು. ಫಾರ್ಮು ಹೋಗಿ ಎಷ್ಟೋ ಕಾಲವಾದರೂ ಬಸವನಗುಡಿಯ ಒಂದು ಬಡಾವಣೆಗೆ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇಂದಿಗೂ ಅಂಟಿಕೊಂಡಿದೆ. ಮುಂದೆ 1910ರ ದಶಕದಲ್ಲಿ ರೂಪುಗೊಂಡ ರೇಷ್ಮೆ ಇಲಾಖೆಯು, ನವರತ್ನ ರಾಮರಾವ್ ಅವರಂಥ ಅಧಿಕಾರಿಗಳ ಮುಂದಾಳತ್ವದಲ್ಲಿ, ಪರೀಕ್ಷಿತ ಮೊಟ್ಟೆಯನ್ನು ರೈತರಿಗೆ ಒದಗಿಸತೊಡಗಿತು. 1920ರ ದಶಕದಲ್ಲಿ ನಾಟಿ ಮೈಸೂರು ತಳಿಯನ್ನು ಹೊರಗಿನ ತಳಿಯೊಂದಿಗೆ ಕೂಡಿಸಿದ ಮಿಶ್ರತಳಿಯ ಮೊಟ್ಟೆಯೂ ಬಂದಿತು. ಮಿಶ್ರತಳಿಯ ಗೂಡನ್ನು ಮತ್ತೆ ಬಿತ್ತನೆಗೆ ಬಳಸುವಂತಿಲ್ಲವಾದ್ದರಿಂದ, ಕುಣಿಗಲ್, ಮಾಗಡಿ ಭಾಗದ ಹಳ್ಳಿಗಳು ಶುದ್ಧ ಮೈಸೂರು ತಳಿಯ ಬಿತ್ತನೆ ಗೂಡಿಗೆ ಮೀಸಲಾದವು. ಗೂಡು ಬೆಳೆಯುವ ರೈತನಿಗೇ ಇನ್ನೊಬ್ಬ ರೈತ ಪೂರೈಕೆದಾರನಾದ ಈ ವ್ಯವಸ್ಥೆಯೇ ಮೈಸೂರು ರೇಷ್ಮೆಯ ಅತ್ಯಂತ ಗಟ್ಟಿಯಾದ ಕೊಂಡಿಯೆನ್ನಬೇಕು. ಇದಕ್ಕೆ ಹೋಲಿಸಿದರೆ ಮುಂದಿನ ಕೊಂಡಿ, ಅಂದರೆ ರೈತನಿಂದ ರೀಲರ್‌ಗೆ ಗೂಡು ದಾಟುವ ಜಾಗ, ಬಹುಕಾಲ ಬಲಹೀನವಾಗಿಯೇ ಉಳಿಯಿತು.

ಅದರ ಕಾರಣ ಗೂಡಿನೊಳಗೇ ಇದೆ. ನಾಲ್ಕು ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಸ್ಥಿತಿಗೆ ರೈತರು ಹೇಳುವ ಮಾತಿದು) ಮುಗಿಸಿ ಹಣ್ಣಾದ ಹುಳುವನ್ನು ಬಿದಿರಿನ ಚಂದ್ರಿಕೆಗೆ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಗೂಡು ಕಟ್ಟುತ್ತದೆ. ಗೂಡು ಕಟ್ಟಿದ ಹತ್ತು ಹನ್ನೆರಡು ದಿನಗಳಲ್ಲಿ ಒಳಗಿನ ಕೋಶ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿ ಹೊರಬಂದರೆ ಎಳೆ ತುಂಡಾಗಿ, ಗೂಡು ನೂಲು ಬಿಚ್ಚಲು ಬಾರದಂತಾಗುತ್ತದೆ. ಚಿಟ್ಟೆ ಬರುವುದಕ್ಕೆ ಮೊದಲೂ ದಿನ ಕಳೆದಂತೆ ಗೂಡು ಒಣಗಿ ತೂಕ ಇಳಿಯುತ್ತದೆ. ಹಬೆಯಲ್ಲಿಟ್ಟು ಕೋಶವನ್ನು ಕೊಲ್ಲುವ, ಬಿಸಿಗಾಳಿಯಲ್ಲಿ ಒಣಗಿಸುವ ಸೌಕರ್ಯವಿದ್ದುದು ಕೊಳ್ಳುವವನ ಬಳಿ. ಆದುದರಿಂದ ರಾಗಿ ಬೆಳೆದವನು ಕಣಜದಲ್ಲಿಟ್ಟು ಬೆಲೆ ಬರುವವರೆಗೆ ಕಾಯುವಂತೆ ಗೂಡು ಬೆಳೆದವನು ಕಾಯಲಾರ. ಬೆಳೆಗೆ ಮೊದಲೇ ಮುಂಗಡ ಕೊಟ್ಟ ರೀಲರ್ ಅಥವಾ ಅವನ ದಲ್ಲಾಳಿ ಮನೆಬಾಗಿಲಿಗೆ ಬಂದು ಹೇಳಿದ ಬೆಲೆಯೇ ಬೆಲೆ, ಹಾಕಿದ ತೂಕವೇ ತೂಕವಾಗುತ್ತಿದ್ದುದು ಇದರಿಂದ.

ರೀಲರ್‌ನನ್ನು ಖಳನೆಂದು ಚಿತ್ರಿಸುವುದೂ ಸರಿಯಲ್ಲ. ಒಂದು ಕಿಲೋ ಕಚ್ಚಾ ರೇಷ್ಮೆ ತೆಗೆಯಲು ಎಷ್ಟು ಕಿಲೋ ಗೂಡು ಬೇಕು ಎಂಬ ಲೆಕ್ಕಕ್ಕೆ ರೆಂಡಿಟ್ಟ ಎಂದು ಹೆಸರು. ಗೂಡು ಕೊಳ್ಳುವಾಗ ಅವನು ನಿಜಕ್ಕೂ ಕೊಳ್ಳುವುದು ಈ ಸಂಖ್ಯೆಯನ್ನೇ, ಆದರೆ ಕುದಿನೀರಿಗೆ ಗೂಡು ಬೀಳುವವರೆಗೆ ಅದು ಅವನಿಗೆ ಗೊತ್ತಾಗುವುದಿಲ್ಲ. ರೆಂಡಿಟ್ಟ ಏಳರ ಬದಲು ಎಂಟಾದರೆ ಅವನ ಲಾಭವೆಲ್ಲ ತೊಟ್ಟಿಯಲ್ಲೇ ಕರಗುತ್ತದೆ. ಅತ್ತ ಹುರಿಯವನಿಗೋ ನೇಕಾರನಿಗೋ ನೂಲನ್ನು ಉದ್ದರಿಗೆ ಕೊಟ್ಟು ಹಣಕ್ಕಾಗಿ ವಾರಗಟ್ಟಲೆ ಕಾಯಬೇಕಾದವನೂ ಅವನೇ. ಮೇಲಿನವನಿಂದ ಹಣ ಬಾರದಿದ್ದಾಗ ಆ ಹೊರೆ ಕೆಳಗಿನವನಿಗೆ ದಾಟುತ್ತಿತ್ತು. ಕೆಳಗಿನವನು ಅದನ್ನು ಹುಳುವಿಗೆ ಹಾಕುವ ಸೊಪ್ಪಿನಲ್ಲಿ ಉಳಿಸುತ್ತಿದ್ದನು.

ಈ ಸುಳಿಯನ್ನು ಮುರಿಯಲು ಹೊರಟದ್ದು 1959ರ ಕಾಯ್ದೆ. ರೇಷ್ಮೆ ಬಿತ್ತನೆ ಮತ್ತು ಗೂಡಿನ ಉತ್ಪಾದನೆ, ಪೂರೈಕೆ, ಮಾರಾಟಗಳನ್ನು ನಿಯಂತ್ರಿಸುವ ಈ ಕಾಯ್ದೆಯ ಪ್ರಕಾರ ಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲಿ ಮಾತ್ರ, ಪರವಾನಗಿಯುಳ್ಳ ರೀಲರ್‌ಗೆ ಮಾತ್ರ, ಬಹಿರಂಗ ಹರಾಜಿನಲ್ಲಿ ಮಾರಬೇಕಾಯಿತು. ರಾಮನಗರ, ಶಿಡ್ಲಘಟ್ಟ ಮುಂತಾದ ಊರುಗಳ ಗೂಡಿನ ಮಾರುಕಟ್ಟೆಗಳು ಬೆಳೆದದ್ದು ಹೀಗೆ. ರಾಮನಗರದ್ದು ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಯಿತು. ರೈತ ಬೆಳಗ್ಗೆ ಗೂಡನ್ನು ಜಾಲರಿಗೆ ಸುರಿದು, ಲಾಟಿನ ಚೀಟಿ ಪಡೆದು ನಿಲ್ಲುತ್ತಾನೆ. ರೀಲರ್ ಬಂದು ಗೂಡಿನ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ತಳದ ಗೂಡನ್ನು ಮೇಲೆತ್ತುತ್ತಾನೆ, ಬೆರಳಲ್ಲಿ ಒತ್ತಿ ಗಟ್ಟಿ ನೋಡುತ್ತಾನೆ, ಕಿವಿಯ ಬಳಿ ಹಿಡಿದು ಅಲುಗಿಸಿ ಕೋಶದ ಸದ್ದು ಕೇಳುತ್ತಾನೆ, ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡು, ಕಲೆಯ ಗೂಡು ಎಷ್ಟಿದೆಯೆಂದು ಕಣ್ಣಲ್ಲೇ ಎಣಿಸುತ್ತಾನೆ. ಇಷ್ಟು ಮಾಡುವುದಕ್ಕೆ ಅವನಿಗೆ ಕೆಲವು ನಿಮಿಷ ಸಾಕು. ಕೂಗಿ ಹೇಳುತ್ತಿದ್ದ ಬೆಲೆ ಈ ಶತಮಾನದಲ್ಲಿ ಇ-ಹರಾಜಿನ ಪರದೆಗೆ ಬಂದಿದ್ದರೂ, ಕೈ ತೂರಿಸಿ ನೋಡುವ ಪರೀಕ್ಷೆ ಮಾತ್ರ ಉಳಿದುಕೊಂಡಿದೆ.

ಮಾರುಕಟ್ಟೆ ರೈತನನ್ನು ತೂಕದ ಮೋಸದಿಂದಲೂ ಮುಂಗಡದ ಹಿಡಿತದಿಂದಲೂ ಬಹಳಮಟ್ಟಿಗೆ ಬಿಡಿಸಿತು. ಅದೇ ಮಾರುಕಟ್ಟೆ ಇನ್ನೊಂದನ್ನು ಕಳೆಯಿತು. ಹಳೆಯ ರೀಲರ್‌ಗೆ ಯಾವ ಹಳ್ಳಿಯ ಯಾರ ಮನೆಯ ಗೂಡು ಚೆನ್ನಾಗಿ ಬಿಚ್ಚುತ್ತದೆಂಬುದು ತಿಳಿದಿರುತ್ತಿತ್ತು; ಹರಾಜಿನಲ್ಲಿ ಲಾಟಿನ ಸಂಖ್ಯೆ ಮಾತ್ರ ಇರುತ್ತದೆ. ಕಳೆದ ಬೆಳೆಯಲ್ಲಿ ತನ್ನ ಗೂಡಿನ ಎಳೆ ಪದೇಪದೇ ಕಡಿಯಿತೆಂಬುದು ರೈತನ ಕಿವಿಗೆ ಬೀಳುವುದೇ ಇಲ್ಲ. ಬೆಲೆಯು ನೋಟ ಮತ್ತು ತೂಕದ ಮೇಲೆ ನಿಂತಾಗ ಬೆಳೆಗಾರನ ಗಮನವೂ ನೂರು ಮೊಟ್ಟೆಗೆ ಎಷ್ಟು ಕಿಲೋ ಗೂಡು ಎಂಬುದರ ಕಡೆಗೇ ಹೋಗುವುದು ಸಹಜ. ಗೂಡಿಗೆ ಮಾಡಿದ ಕ್ರಮವನ್ನು ನೂಲಿಗೂ ಒಗ್ಗಿಸಿ, 1979ರಲ್ಲಿ ರೇಷ್ಮೆ ಮಾರಾಟ ಮಂಡಳಿ ಸ್ಥಾಪನೆಯಾಯಿತು. ಬೆಲೆ ಕುಸಿದಾಗ ತಾನೇ ಖರೀದಿಗೆ ಇಳಿದು ರೀಲರ್‌ನನ್ನು ಉಳಿಸುವುದು ಅದರ ಉದ್ದೇಶವಾಗಿತ್ತು.

ಈ ಮಾದರಿಗೆ ಪಕ್ಕದಲ್ಲೇ ಇನ್ನೊಂದು ಮಾದರಿಯಿತ್ತು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸ್ವಿಟ್ಜರ್ಲೆಂಡಿನಿಂದ ತರಿಸಿದ 32 ಮಗ್ಗಗಳೊಡನೆ ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಆರಂಭವಾಯಿತು. 1980ರಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ಸ್ಥಾಪನೆಯಾಗಿ, ಈ ಕಾರ್ಖಾನೆಯೂ ತಿರುಮಕೂಡಲು ನರಸೀಪುರದ ನೂಲು ತೆಗೆಯುವ ಫಿಲೇಚರೂ ಒಂದೇ ಆಡಳಿತಕ್ಕೆ ಬಂದವು. ನಿಗಮ ಹರಾಜಿನಲ್ಲಿ ಗೂಡು ಕೊಂಡು, ನೂಲು, ಹುರಿ, ನೇಯ್ಗೆ, ಬಣ್ಣ, ಮಳಿಗೆಯ ಮಾರಾಟಗಳನ್ನೆಲ್ಲ ತಾನೇ ಮಾಡುತ್ತದೆ. ಇದರ ಬೆಲೆ ತಿಳಿಯಲು ಮೈಸೂರು ಸಿಲ್ಕಿನ ಕ್ರೇಪ್ ಬಟ್ಟೆಯ ರಚನೆಯನ್ನೇ ನೋಡಬೇಕು. ಹೊಕ್ಕಿನ ನೂಲಿಗೆ ಬಲಕ್ಕೊಮ್ಮೆ ಎಡಕ್ಕೊಮ್ಮೆ ಬಿಗಿಯಾದ ಹುರಿ ಕೊಟ್ಟು ನೇಯ್ದು, ಬಟ್ಟೆ ಇಳಿದ ಮೇಲೆ ಅಂಟು ತೆಗೆದು, ಇಡೀ ಸೀರೆಯನ್ನೇ ಬಣ್ಣದಲ್ಲಿ ಅದ್ದುತ್ತಾರೆ. ನೂಲಿನ ದಪ್ಪ ಒಂದಿಷ್ಟು ಏರುಪೇರಾಗಿದ್ದರೂ ಆ ಹೊತ್ತಿಗೆ ಅದು ಗೆರೆಯಾಗಿ ಎದ್ದು ಕಾಣುತ್ತದೆ. ಆಗ ದೂರುವುದಕ್ಕೆ ಹೊರಗಿನವರು ಯಾರೂ ಇಲ್ಲ. ತಪ್ಪು ಯಾವ ವಿಭಾಗದ್ದೆಂದು ನಿಗಮವೇ ಹುಡುಕಿ ತಿದ್ದಿಕೊಳ್ಳಬೇಕು. ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನವುಳ್ಳ ಜರಿಯ ಮೇಲಿನ ನಂಬಿಕೆಯೂ ಇದೇ ಹೊಣೆಗಾರಿಕೆಯಿಂದ ಬಂದದ್ದು. ಸೀರೆ ಮಳಿಗೆಗೆ ಬಂದ ದಿನ ಗಿರಾಕಿಗಳು ಸಾಲುಗಟ್ಟಿ ನಿಲ್ಲುವುದು ಇದರ ಫಲ, ಬೇಡಿಕೆಗೆ ತಕ್ಕಷ್ಟು ನೇಯಲಾಗದಿರುವುದು ಇದರ ಮಿತಿ.

ಹೊರಗಿನ ಸಾವಿರಾರು ಮಗ್ಗಗಳಿಗೆ ಈ ಸೌಕರ್ಯ ಇರಲಿಲ್ಲ. ಚರಕದಲ್ಲಿ ಬಿಚ್ಚಿದ ನೂಲು ಹೊಕ್ಕಿಗೆ ಸಾಕಾಗುತ್ತಿತ್ತು. ವಿದ್ಯುತ್ ಮಗ್ಗದ ಹಾಸಿಗೆ ಹಾಕಿದರೆ ಎಳೆ ಕಡಿದು ಮಗ್ಗ ನಿಲ್ಲುತ್ತಿತ್ತು. ಹಾಗಾಗಿ ನೇಕಾರ ಹಾಸಿಗೆ ಚೀನಾದ ನೂಲನ್ನೇ ಹುಡುಕಿಕೊಂಡು ಹೋದನು. ಇದರಲ್ಲಿ ದೇಶಾಭಿಮಾನದ ಕೊರತೆ ಕಂಡವರು ನಿಂತ ಮಗ್ಗದ ಮುಂದೆ ಕೂತವರಲ್ಲ. 2011ರಲ್ಲಿ ಕೇಂದ್ರ ಸರ್ಕಾರವು ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ನೇಕಾರರಿಗೆ ನೆಮ್ಮದಿಯಾಯಿತು, ರಾಮನಗರದಲ್ಲಿ ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. ಒಂದೇ ಸರಪಳಿಯ ಎರಡು ತುದಿಯವರು ಒಂದೇ ಸುದ್ದಿಗೆ ಹೀಗೆ ಎದುರುಬದುರಾದದ್ದು, ಅವರ ನಡುವೆ ದರದ ಹೊರತು ಬೇರೆ ಮಾತುಕತೆ ಇರಲಿಲ್ಲವೆಂಬುದಕ್ಕೆ ಸಾಕ್ಷಿ.

ಸಾವಿರ ಮೀಟರಿಗೂ ಮಿಕ್ಕಿ ಎಳೆ ಕೊಡುವ ದ್ವಿತಳಿ ಗೂಡನ್ನೂ ಸ್ವಯಂಚಾಲಿತ ಬಿಚ್ಚಣಿಕೆ ಯಂತ್ರಗಳನ್ನೂ ಸರ್ಕಾರ ಈಚೆಗೆ ಉತ್ತೇಜಿಸುತ್ತಿರುವುದು ಈ ಅಂತರವನ್ನು ತುಂಬಲೆಂದೇ. ಅಂಥ ಯಂತ್ರಕ್ಕೆ ಒಂದೇ ಗುಣದ ಗೂಡು ಎಡೆಬಿಡದೆ ಬೇಕಾದ್ದರಿಂದ, ಅದರ ಮಾಲೀಕ ಯಾವ ಊರಿನ ಗೂಡು ಹೇಗೆ ಬಿಚ್ಚಿತೆಂಬ ಹಳೆಯ ಲೆಕ್ಕವನ್ನು ಮತ್ತೆ ಇಡಬೇಕಾಗಿದೆ. ನಿಗಮದ ಪ್ರತಿ ಸೀರೆಗೂ ಅದರದ್ದೇ ಆದ ಸಂಖ್ಯೆಯಿದೆ. ಆ ಸಂಖ್ಯೆ ಹಿಡಿದು ಕಾರ್ಖಾನೆಯವರೆಗೆ ಹೋಗಬಹುದು, ಗೂಡು ಬೆಳೆದ ಮನೆಯವರೆಗೆ ಹೋಗಲಾಗದು.