ಕೇಳಿ ಬಂದವರು

ಹಟ್ಟಿಕೇರಿಯ ಟೋಲ್ ಗೇಟಿನ ಹತ್ತಿರ ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹೆಂಗಸರ ಮಾತಿದು. "ಕೇಳ್ಕಂಡ್ ಬಂದ್ಯ?" "ಕೇಳ್ದೆ. ಬಲ ಆಯ್ತು." ಯಾರನ್ನು ಕೇಳಿದ್ದು, ಆದ ಬಲ ಯಾವುದು ಎಂದು ಹೊರಗಿನವರು ತಲೆ ಕೆರೆದುಕೊಳ್ಳಬಹುದು. ಕಾರವಾರ, ಅಂಕೋಲೆ ಕಡೆ ಬೆಳೆದವರಿಗೆ ಇಷ್ಟೇ ಸಾಕು: ಮನೆಯಲ್ಲಿ ಏನೋ ತಾಪತ್ರಯ, ದೇವರಲ್ಲಿ ಪ್ರಸಾದ ಕೇಳಿದ್ದಾರೆ, ದೇವರು ಆಗಲಿ ಎಂದಿದೆ.

ಇಲ್ಲಿ ಪ್ರಸಾದ ಬರೀ ಪಂಚಕಜ್ಜಾಯವಲ್ಲ. ಹೂವಿನ ಎಸಳುಗಳನ್ನು ನೀರಿನಲ್ಲಿ ನೆನೆಸಿ ಮೂರ್ತಿಯ ಎಡಕ್ಕೂ ಬಲಕ್ಕೂ ಅಂಟಿಸುತ್ತಾರೆ. ಪೂಜೆಯವರು ಬಂದವರ ಕಷ್ಟವನ್ನು ಗಟ್ಟಿಯಾಗಿ ದೇವರಿಗೆ ಹೇಳುತ್ತಾರೆ. ಆಮೇಲೆ ಎಲ್ಲರೂ ಸುಮ್ಮನೆ ನಿಲ್ಲುತ್ತಾರೆ. ನೀರು ಆರುತ್ತ ಬಂದಂತೆ ಎಸಳಿನ ಅಂಚು ಮೇಲೇಳುತ್ತದೆ, ಬುಡ ಸಡಿಲವಾಗುತ್ತದೆ, ಜಾರುತ್ತದೆ. ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ಹೊನ್ನಾವರ ತಾಲ್ಲೂಕಿನ ಇಡಗುಂಜಿಯಲ್ಲಿ ಬಂಡಿ ಸಮುದಾಯದವರು ಮದುವೆ ಗೊತ್ತುಮಾಡುವ ಮೊದಲು ಗಣಪತಿಯ ಎರಡೂ ಪಾದಗಳ ಮೇಲೆ ಚೀಟಿ ಇಡಿಸಿ, ಬಲಗಾಲಿನದು ಮೊದಲು ಬೀಳಲೆಂದು ಕಾಯುತ್ತಾರೆ.

ಕಾಯುವ ಈ ಹೊತ್ತಿನಲ್ಲೇ 'ಕೇಳು' ಎಂಬ ಕ್ರಿಯಾಪದದ ಗುಟ್ಟಿದೆ. ವಿಚಾರಿಸುವುದೂ ಅದೇ, ಕಿವಿಗೊಡುವುದೂ ಅದೇ. ತಮಿಳಿನ ಕೇಳ್, ತುಳುವಿನ ಕೇಣ್ ಕೂಡ ಹೀಗೆಯೇ. ತೆಲುಗರಿಗೆ ಅಡುಗು ಬೇರೆ, ವಿನು ಬೇರೆ. ಹಟ್ಟಿಕೇರಿಯ ನೆರೆಮನೆಯ ಕೊಂಕಣಿಯಲ್ಲೂ ವಿಚಾರ್ ಬೇರೆ, ಆಯ್ಕ ಬೇರೆ. ನಿಘಂಟಿನವರು ಒಪ್ಪಲಿ ಬಿಡಲಿ, ಈ ಅಂಕಣದ ವಾದ ಇಷ್ಟು: ಎರಡು ಅರ್ಥಗಳು ಒಂದೇ ಪದದಲ್ಲಿ ಬೆಸೆದುಕೊಂಡು ಉಳಿದದ್ದು ದೇವರ ಮುಂದೆ. ಕಷ್ಟ ಹೇಳಿಕೊಂಡ ಬಾಯಿಯೇ ಮುಚ್ಚಿ ಕಿವಿಯಾಗಬೇಕಾದ ಜಾಗ ಅದು.

"ದೇವರು ವರ ಕೊಟ್ಟರೂ ಪೂಜಾರಿ ಕೊಡ" ಎಂಬ ಗಾದೆಯನ್ನು ಇಂದು ಸರ್ಕಾರಿ ಕಚೇರಿಯ ಗುಮಾಸ್ತರನ್ನು ಬೈಯುವುದಕ್ಕಷ್ಟೇ ಬಳಸುತ್ತಾರೆ. ಗಾದೆಯ ನೋವು ಅದಕ್ಕಿಂತ ಆಳದ್ದು. ದೇವರ ಮಾತು ಬಡವನ ಕಿವಿಗೆ ನೇರ ಬರುವುದಿಲ್ಲ, ನಡುವೆ ಒಬ್ಬ ನಿಂತಿದ್ದಾನೆ. ಅವನು ತಿರುಚಬಹುದು, ತಡೆಯಬಹುದು, ಅದಕ್ಕೆ ಬೆಲೆ ಕಟ್ಟಬಹುದು. ಕೈಯಲ್ಲಿ ಕಾಸಿಲ್ಲದವನಿಗೆ, ಗಂಡ ಕಡಲಿಗೆ ಹೋಗಿ ತಿರುಗಿ ಬಾರದವಳಿಗೆ ಈ ಹೆದರಿಕೆ ಸಣ್ಣದಲ್ಲ. ಎಸಳಿನ ಪ್ರಸಾದ ಈ ಗಾದೆಗೆ ಕರಾವಳಿ ಕೊಟ್ಟ ಉತ್ತರದಂತಿದೆ. ಪೂಜಾರಿ ಕೇಳಬಲ್ಲ, ಬೀಳಿಸಲಾರ. ಬಿದ್ದದ್ದು ಎಲ್ಲರ ಕಣ್ಣೆದುರಿಗೆ, ಹಿಂದೆ ನಿಂತ ಮಗುವಿಗೂ ಕಾಣುತ್ತದೆ. ಗಾದೆ ಕಟ್ಟಿದವರು ಇಂಥ ಒಂದು ಪ್ರಸಾದವನ್ನು ನೋಡಿದ್ದರೆ 'ಕೊಡ' ಎಂದು ಅಷ್ಟು ಖಚಿತವಾಗಿ ಹೇಳುತ್ತಿರಲಿಲ್ಲವೇನೋ.

ಗೋವೆಯ ಕಡೆ ಈ ಪ್ರಸಾದಕ್ಕೆ 'ಕೌಲ್' ಎನ್ನುತ್ತಾರೆ. ಅರಬ್ಬಿಯಿಂದ ಬಂದ ಈ ಪದ ಮರಾಠರ ಕಾಲದ ಕಂದಾಯದ ಕಾಗದಗಳಲ್ಲಿ ಅಭಯಪತ್ರವಾಗಿತ್ತು. ಬರಕ್ಕೋ ದಂಡಿಗೋ ಹೆದರಿ ಊರು ಬಿಟ್ಟ ರೈತನಿಗೆ 'ತಿರುಗಿ ಬಾ, ತೆರಿಗೆ ಇಳಿಸುತ್ತೇವೆ, ಯಾರೂ ಮುಟ್ಟುವುದಿಲ್ಲ' ಎಂಬ ಭರವಸೆ. ಹೊಲ ಬಿಟ್ಟೋಡಿದವನಿಗೆ ಸಿಕ್ಕ ಮಾತೇ ಮುಂದೆ ದೇವರ ಮಾತಿನ ಹೆಸರಾಯಿತೆಂದು ನಂಬುವುದಕ್ಕೆ ಮನಸ್ಸು ಹಾತೊರೆಯುತ್ತದೆ.

ಬೈಬಲಿನಲ್ಲಿ ಪ್ರವಾದಿ ಎಲೀಯ ಹೀಗೆಯೇ ಓಡಿಹೋದವನು. ಅಡವಿಯ ಗಿಡವೊಂದರ ಕೆಳಗೆ ಕೂತು ಸಾವು ಬೇಡಿದವನು. ಹೋರೇಬ್ ಬೆಟ್ಟದಲ್ಲಿ ಬಿರುಗಾಳಿ, ಭೂಕಂಪ, ಬೆಂಕಿ ಒಂದರ ಹಿಂದೊಂದು ಬರುತ್ತವೆ. ದೇವರು ಅವು ಯಾವುದರಲ್ಲೂ ಇಲ್ಲ. ಕೊನೆಗೆ ಬಂದ ಸಣ್ಣ ದನಿ ಆಜ್ಞೆಯಿಂದ ಶುರುವಾಗುವುದಿಲ್ಲ. ಇಲ್ಲಿ ನಿನಗೇನು ಕೆಲಸ ಎಂದು ಅವನನ್ನೇ ಕೇಳುತ್ತದೆ. ಕನ್ನಡದ ಕ್ರಿಯಾಪದಕ್ಕೆ ಇದಕ್ಕಿಂತ ಒಪ್ಪುವ ಕಥೆ ಇನ್ನೊಂದಿಲ್ಲ.

ಹೋರೇಬಿನಂತೆ ನಡುಗುವ ಬೆಟ್ಟ ಅಂಕೋಲೆಗೆ ಬರೀ ಕಥೆಯಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿ 66ರ ಮೇಲೆ ಜಾರಿ ಗಂಗಾವಳಿಗೆ ಬಿತ್ತು. ಹೆದ್ದಾರಿ ಬದಿಯ ಚಹಾದಂಗಡಿಯ ಕುಟುಂಬವೇ ಹೋಯಿತು. ಕೇರಳದ ಚಾಲಕನಿದ್ದ ಲಾರಿ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಹುಡುಕಾಟದ ದಿನಗಳಲ್ಲಿ ದಡದ ಮೈಕುಗಳಿಗೆ ಬಿಡುವಿರಲಿಲ್ಲ. ಮನೆಯವರ ಮುಖಕ್ಕೆ ಹಿಡಿದ ಆ ಮೈಕುಗಳು 'ಹೇಗನಿಸ್ತಿದೆ?' ಎಂದವು. ಅದು 'ಕೇಳು' ಪದದ ಅರ್ಧವನ್ನಷ್ಟೇ ಬಲ್ಲವರ ಪ್ರಶ್ನೆ.

ಆ ಅರ್ಧವೂ ಈಗ ಸವೆಯುತ್ತಿದೆ. ಕಿವಿಯ ಕೆಲಸಕ್ಕೆ 'ಆಲಿಸಿ', ಬಾಯಿಯ ಕೆಲಸಕ್ಕೆ 'ಪ್ರಶ್ನಿಸಿ' ಎಂದು ಪದವನ್ನು ಸೀಳಿ ಹಂಚಿಬಿಟ್ಟಿದ್ದಾರೆ; ವಿದ್ಯಾರ್ಥಿಗಳಂತೂ ಕೇಳುವುದನ್ನೇ ಬಿಟ್ಟು 'ಡೌಟ್ ಕ್ಲಿಯರ್' ಮಾಡಿಕೊಳ್ಳುತ್ತಾರೆ. ಇದರಲ್ಲಿ ಆಗುವ ನಷ್ಟ ನೋಡಬೇಕೆಂದರೆ ಒಂದು ವಾಕ್ಯ ಬದಲಿಸಿದರೆ ಸಾಕು. 'ಅವಳು ದೇವರನ್ನು ಕೇಳಿದಳು' ಎಂದರೆ ಬಸ್ಸಿಗೆ ಕಾಯುವ ಆ ಹೆಂಗಸು. 'ಅವಳು ದೇವರನ್ನು ಪ್ರಶ್ನಿಸಿದಳು' ಎಂದು ಪತ್ರಿಕೆಯಲ್ಲಿ ಅಚ್ಚಾದರೆ ಜಗಳಕ್ಕೆ ಹೋದವಳಾಗುತ್ತಾಳೆ, ಮರುದಿನ ಸಂಪಾದಕರಿಗೆ ನಾಲ್ಕು ಪತ್ರ ಬರುತ್ತವೆ.